ನಾಲ್ಕು ಚಕ್ರಕ್ಕೂ ಶಕ್ತಿ ಬಂದರೆ ಹಿಮ ಗೆದ್ದಂತೆಯೇ?

ಕೆನಡಾಕ್ಕೆ ಕೆಲಸದ ಮೇಲೆ ಬಂದ ಕನ್ನಡಿಗರ ಮನೆಗಳಲ್ಲಿ ಅಕ್ಟೋಬರ್ ಮುಗಿಯುತ್ತಿದ್ದಂತೆ ಕಾರಿನ ಮಾತು ಶುರುವಾಗುತ್ತದೆ. ಟೊರೊಂಟೊ ಇರಲಿ, ಆಟವಾ, ಮಾಂಟ್ರಿಯಲ್ ಇರಲಿ, ಮೊದಲ ಚಳಿಗಾಲಕ್ಕೆ ಸಿದ್ಧವಾಗುತ್ತಿರುವವರಿಗೆ ಹಳಬರು ಹೇಳುವ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ: "ಫೋರ್ ವೀಲ್ ಡ್ರೈವ್ ತಗೊಂಡ್ಬಿಡಿ, ಆಮೇಲೆ ಚಿಂತೆ ಇಲ್ಲ." ಹೇಳುವವರ ಕಾಳಜಿಯಲ್ಲಿ ಅನುಮಾನವಿಲ್ಲ. ಆದರೆ ಆ ಮಾತು ಅರ್ಧ ಮಾತ್ರ ಸರಿ, ಉಳಿದರ್ಧ ಅಪಾಯಕಾರಿ. ಡಿಸೆಂಬರ್ ರಜೆಗೆ ಮನಾಲಿಯ ಕಡೆ ಸ್ವಂತ ಕಾರು ತಿರುಗಿಸುವ ಬೆಂಗಳೂರಿನವರೂ ಇದನ್ನೇ ನಂಬಿ ಹೊರಡುತ್ತಾರೆ. ಹಾಗಾಗಿ ಯಾವುದು ನಿಜ, ಯಾವುದು ಬರೀ ನಂಬಿಕೆ ಎಂದು ಬಿಡಿಸಿ ಹೇಳಬೇಕಾಗಿದೆ.

ಕಲ್ಪನೆ: ನಾಲ್ಕೂ ಚಕ್ರಕ್ಕೆ ಶಕ್ತಿ ಇದ್ದರೆ ಕಾರು ಜಾರುವುದಿಲ್ಲ

ಸತ್ಯ: ಎಂಜಿನ್ನಿನ ಶಕ್ತಿ ಎರಡು ಚಕ್ರಕ್ಕೆ ಹೋಗುತ್ತದೋ ನಾಲ್ಕಕ್ಕೋ ಎಂಬುದು ಲೆಕ್ಕಕ್ಕೆ ಬರುವುದು ಕಾರು ನಿಂತಲ್ಲಿಂದ ಹೊರಡುವಾಗ, ಏರು ಹತ್ತುವಾಗ, ಹಿಮದಲ್ಲಿ ಹೂತಲ್ಲಿಂದ ಮೇಲೇಳುವಾಗ. ಆ ಕೆಲಸದಲ್ಲಿ ಫೋರ್ ವೀಲ್ ಡ್ರೈವ್ ನಿಜಕ್ಕೂ ಗಟ್ಟಿಗ. ಬ್ರೇಕಿನ ಕಥೆ ಬೇರೆ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಆದ್ದರಿಂದ ನಿಲ್ಲಿಸುವ ವಿಷಯದಲ್ಲಿ ಅತಿ ಅಗ್ಗದ ಹ್ಯಾಚ್‌ಬ್ಯಾಕಿಗೂ ದುಬಾರಿ ಫೋರ್ ವೀಲ್ ಡ್ರೈವಿಗೂ ಸಾಧನದಲ್ಲಿ ಭೇದವಿಲ್ಲ. ಕಾರನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ, ಅಷ್ಟೇ.

ಶಾಲೆಯ ಭೌತಶಾಸ್ತ್ರದ ಸೂತ್ರವನ್ನೇ ಹಿಡಿದು ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಒಣ ಡಾಂಬರಿನ ಮೇಲೆ ಬ್ರೇಕು ಹಿಡಿದ ಮೇಲೆ ಸುಮಾರು 12 ಮೀಟರ್‌ನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಅದೇ ಕಾರಿಗೆ 40 ಮೀಟರ್ ಆಸುಪಾಸು ಬೇಕು. ನುಣ್ಣನೆಯ ಮಂಜುಗಡ್ಡೆಯ ಮೇಲಾದರೆ 100 ಮೀಟರ್ ಹತ್ತಿರ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಓಡಿದ ದೂರ ಇದರಲ್ಲಿ ಸೇರಿಲ್ಲ. ಒಂದು ಸೆಕೆಂಡು ತಡವಾದರೆ ಇನ್ನೂ 14 ಮೀಟರ್. ಈ ಲೆಕ್ಕದಲ್ಲಿ ಎಲ್ಲಿಯೂ "ಎಷ್ಟು ಚಕ್ರಕ್ಕೆ ಶಕ್ತಿ" ಎಂಬ ಪ್ರಶ್ನೆಯೇ ಬರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಮುಂದಿನ ಚಕ್ರಗಳು ಮಾತ್ರ ಎಳೆಯುವ ಕಾರು ಹಿಮ ಬಿದ್ದ ದಿನ ಸಿಗ್ನಲ್ಲಿನಲ್ಲಿ ಹೊರಡುವಾಗಲೇ ಎಚ್ಚರಿಸುತ್ತದೆ. ಚಕ್ರ ಗಿರ್ರನೆ ನಿಂತಲ್ಲೇ ಸುತ್ತುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣುಕುತ್ತದೆ, ಚಾಲಕ ರಸ್ತೆ ಜಾರುತ್ತಿದೆ ಎಂದು ಅರಿತು ನಿಧಾನವಾಗುತ್ತಾನೆ. ಫೋರ್ ವೀಲ್ ಡ್ರೈವ್ ಕಾರು ಸದ್ದಿಲ್ಲದೆ ಹೊರಟುಬಿಡುತ್ತದೆ. ರಸ್ತೆ ಎಷ್ಟು ಜಾರುತ್ತಿದೆ ಎಂಬುದು ಅದರ ಚಾಲಕನಿಗೆ ಗೊತ್ತಾಗುವುದು ಮುಂದಿನ ಸಿಗ್ನಲ್ಲಿನಲ್ಲಿ, ಬ್ರೇಕು ತುಳಿದಾಗ. ಹೊರಡಲು ಕಾರು ಕೊಟ್ಟ ಧೈರ್ಯಕ್ಕೆ ತಕ್ಕಂತೆ ನಿಲ್ಲಿಸುವ ಬಲವನ್ನು ಅದು ಕೊಟ್ಟಿರುವುದಿಲ್ಲ.

ಕಲ್ಪನೆ: ಫೋರ್ ವೀಲ್ ಡ್ರೈವ್ ಇದ್ದ ಮೇಲೆ ಆಲ್-ಸೀಸನ್ ಟೈರೇ ಸಾಕು

ಸತ್ಯ: ಹಣ ಉಳಿಸಲು ಹೋಗಿ ಜನ ಅತಿ ಹೆಚ್ಚು ತಪ್ಪುವುದು ಇಲ್ಲಿಯೇ. ಮಲೆನಾಡಿನ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಸವೆದ ಹವಾಯಿ ಚಪ್ಪಲಿ ಮೆಟ್ಟಿ ಇಳಿದವರಿಗೆ ಗೊತ್ತು, ಕಾಲಿನ ಬಲ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸಾಮಾನ್ಯ ಟೈರಿನ ರಬ್ಬರು ತಾಪಮಾನ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತಾ ಹೋದಂತೆ ಬಿಗಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ವಿಂಟರ್ ಟೈರಿನ ರಬ್ಬರಿನ ಮಿಶ್ರಣವೇ ಬೇರೆ. ಮೈನಸ್ 20ರಲ್ಲೂ ಅದು ಮೆತ್ತಗೇ ಇರುತ್ತದೆ. ಅದರ ಮೈಯನ್ನು ಹತ್ತಿರದಿಂದ ನೋಡಿದರೆ ಒಂದೊಂದು ಗಟ್ಟಿಯ ಮೇಲೂ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಅಂಕುಡೊಂಕು ಸೀಳುಗಳು ಕಾಣುತ್ತವೆ. ಚಕ್ರ ನೆಲ ಮುಟ್ಟಿದಾಗ ಈ ಸೀಳುಗಳು ಬಾಗಿ, ಅವುಗಳ ನೂರಾರು ಅಂಚುಗಳು ಹಿಮವನ್ನು ಕಚ್ಚುತ್ತವೆ.

ಟೈರಿನ ಪಕ್ಕದಲ್ಲಿ "ಎಂ+ಎಸ್" ಎಂದು ಬರೆದಿದೆಯಲ್ಲ ಎಂದು ಕೆಲವರು ಸಮಾಧಾನಪಡುತ್ತಾರೆ. ಅದು ಕೆಸರಿಗೂ ಹಿಮಕ್ಕೂ ತಕ್ಕ ಗೀರಿನ ವಿನ್ಯಾಸವಿದೆ ಎಂದು ತಯಾರಕರು ಹೇಳಿಕೊಳ್ಳುವ ಗುರುತು. ಅದಕ್ಕೆ ಹಿಮದ ಮೇಲೆ ಪರೀಕ್ಷೆಯಾಗಿರಬೇಕೆಂಬ ನಿಯಮವಿಲ್ಲ. ಹುಡುಕಬೇಕಾದದ್ದು ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು ಇರುವ ಚಿತ್ರ. ಹಿಮದ ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ, ಫೋರ್ ವೀಲ್ ಡ್ರೈವ್ ಎಂದು ವಿನಾಯಿತಿ ಇಲ್ಲ. ಜರ್ಮನಿಯೂ 2024ರ ಅಕ್ಟೋಬರ್‌ನಿಂದ ಬರೀ "ಎಂ+ಎಸ್" ಟೈರನ್ನು ಹಿಮದ ರಸ್ತೆಗೆ ಒಪ್ಪುವುದಿಲ್ಲ. ಬೆಟ್ಟದ ಗುರುತು ಇರಲೇಬೇಕು. ಆಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ ಹಾಕಿಸಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕು ಎಂಬ ನಿಯಮ 2016ರಿಂದ ಇದೆ. ಕೇಳಿ ಪಡೆಯಿರಿ.

ಎರಡೇ ಟೈರು ಬದಲಿಸಿ ಮುಗಿಸುವ ಯೋಚನೆ ಬೇಡ. ಮುಂದೆ ಮಾತ್ರ ಹಾಕಿಸಿದರೆ ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಬೀಸುತ್ತದೆ. ಫೋರ್ ವೀಲ್ ಡ್ರೈವ್ ಕಾರಿನಲ್ಲಿ ಇನ್ನೊಂದು ತೊಂದರೆಯೂ ಇದೆ: ಹೊಸ ಟೈರು, ಸವೆದ ಟೈರುಗಳ ಸುತ್ತಳತೆ ಬೇರೆಯಾಗುವುದರಿಂದ ಮುಂದಿನ ಹಿಂದಿನ ಆಕ್ಸಲ್‌ಗಳನ್ನು ಜೋಡಿಸುವ ಭಾಗ ಸದಾ ತಿಕ್ಕಾಡಿ ಬಿಸಿಯಾಗುತ್ತದೆ. ಅದರ ರಿಪೇರಿಗೆ ತೆರುವುದಕ್ಕಿಂತ ನಾಲ್ಕು ಟೈರು ಒಟ್ಟಿಗೆ ಕೊಳ್ಳುವುದೇ ಅಗ್ಗ.

ಕಲ್ಪನೆ: ಚಿಕ್ಕ ಕಾರು ಹಗುರ, ಹಿಮದಲ್ಲಿ ನಿಲ್ಲದು

ಸತ್ಯ: ಭಾರದ ಕಾರು ನೆಲವನ್ನು ಹೆಚ್ಚು ಒತ್ತುತ್ತದೆ, ನಿಜ. ಆದರೆ ನಿಲ್ಲಿಸಬೇಕಾದ ಭಾರವೂ ಅಷ್ಟೇ ಹೆಚ್ಚಿರುತ್ತದೆ. ಎರಡೂ ಒಂದನ್ನೊಂದು ಸರಿಗಟ್ಟುವುದರಿಂದ ನಿಲ್ಲುವ ದೂರ ಭಾರಕ್ಕೆ ತಕ್ಕಂತೆ ಕಡಿಮೆಯಾಗುವುದಿಲ್ಲ. ಇಟಲಿಯ ಫಿಯಾಟ್ 1983ರಲ್ಲಿ ಪಾಂಡಾ ಎಂಬ ಡಬ್ಬಿಯಂಥ ಕಾರಿಗೆ ಆಸ್ಟ್ರಿಯಾದ ಸ್ಟೈರ್-ಪುಖ್ ಕಂಪನಿಯ ಫೋರ್ ವೀಲ್ ಡ್ರೈವ್ ಅಳವಡಿಸಿತು. ಒಂದು ಲೀಟರಿಗೂ ಕಡಿಮೆ ಎಂಜಿನ್, 50ರೊಳಗಿನ ಅಶ್ವಶಕ್ತಿ. ಆಲ್ಪ್ಸ್ ಹಳ್ಳಿಗಳ ಕಡಿದಾದ ಓಣಿಗಳಲ್ಲಿ ಅದು ಮನೆಮಾತಾಯಿತು. ಹಗುರ ಮೈ, ಕಿರಿದಾದ ಟೈರು, ಸ್ವಲ್ಪ ಎತ್ತರದ ನಿಲುವು: ಅದರ ಗುಟ್ಟು ಇಷ್ಟೇ. ಕಿರಿದಾದ ಟೈರು ಸಡಿಲ ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಅಗಲದ ಟೈರು ಮೇಲೆಯೇ ತೇಲುತ್ತದೆ. ಅಂದಕ್ಕೆಂದು ದೊಡ್ಡ ರಿಮ್, ಅಗಲ ಟೈರು ಇರುವ ಮಾದರಿ ಆರಿಸುವವರು ಇದನ್ನು ಮರೆಯಬಾರದು. ಕಾರಿನ ಕೈಪಿಡಿ ಒಪ್ಪಿದರೆ ವಿಂಟರ್ ಟೈರಿಗೆ ಒಂದು ಅಳತೆ ಚಿಕ್ಕ ರಿಮ್ ಕೊಳ್ಳುವುದು ಜಾಣತನ, ದುಡ್ಡೂ ಉಳಿಯುತ್ತದೆ.

ನೆಲದಿಂದ ಎತ್ತರ ಮಾತ್ರ ನಿಜಕ್ಕೂ ಬೇಕು. ಪ್ಲೌ ಗಾಡಿ ರಸ್ತೆ ಬಳಿದು ಹೋದ ಮೇಲೆ ಮನೆಯ ಡ್ರೈವ್‌ವೇ ಬಾಯಿಗೆ ಮೊಳಕಾಲೆತ್ತರದ ಗಟ್ಟಿ ದಿಣ್ಣೆ ಬಿದ್ದಿರುತ್ತದೆ. ಕಾರಿನ ಹೊಟ್ಟೆ ಅದರ ಮೇಲೆ ಕೂತರೆ ನಾಲ್ಕು ಚಕ್ರ ತಿರುಗಿಯೂ ಪ್ರಯೋಜನವಿಲ್ಲ, ಸಲಿಕೆಯೇ ಗತಿ.

ಕಲ್ಪನೆ: ಎಲ್ಲ ಫೋರ್ ವೀಲ್ ಡ್ರೈವೂ ಒಂದೇ

ಸತ್ಯ: ಮಾರುತಿ ಸುಜುಕಿ ಜಿಮ್ನಿಯಲ್ಲಿರುವುದು ಬೇಕೆಂದಾಗ ಲಿವರ್ ಎಳೆದು ಹಾಕಿಕೊಳ್ಳುವ ವ್ಯವಸ್ಥೆ. ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್‌ಗಳು ಬಿಗಿಯಾಗಿ ಜೋಡಿಯಾಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಹಿಮದಲ್ಲಿ ಆ ವ್ಯತ್ಯಾಸ ಜಾರಿ ಕಳೆದುಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲದೆ ಸ್ಟೇರಿಂಗ್ ಬಿಗಿಯುತ್ತದೆ, ಗೇರಿನ ಭಾಗಗಳಿಗೆ ಪೆಟ್ಟು. ಸುಬಾರು ಕ್ರಾಸ್‌ಟ್ರೆಕ್‌ನಂಥ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹರಿಯುತ್ತದೆ, ಹಂಚಿಕೆಯನ್ನು ಕಾರೇ ನೋಡಿಕೊಳ್ಳುತ್ತದೆ. ಇನ್ನು ಹಲವು ಚಿಕ್ಕ ಕಾರುಗಳಲ್ಲಿ ಮುಂದಿನ ಚಕ್ರ ಜಾರಿದಾಗಷ್ಟೇ ಹಿಂದಿನವು ಕೈಜೋಡಿಸುತ್ತವೆ. ಕೆಲವು ಹೈಬ್ರಿಡ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಪುಟ್ಟ ಮೋಟಾರು ಮಾತ್ರ. 2019ರ ಟೊಯೋಟಾ ಪ್ರಿಯಸ್‌ನಲ್ಲಿ ಅದು ಸುಮಾರು 70 ಕಿ.ಮೀ. ವೇಗದವರೆಗಷ್ಟೇ ನೆರವಾಗುತ್ತಿತ್ತು.

ಉಪ್ಪು ಎರಚಿ ಒಂದು ಬೀದಿ ಒದ್ದೆ ಡಾಂಬರು, ಮುಂದಿನ ಬೀದಿ ಹಿಮ ಎಂದು ಬದಲಾಗುತ್ತಲೇ ಇರುವ ಕೆನಡಾದ ನಗರಕ್ಕೆ ತಾನಾಗಿ ಕೆಲಸ ಮಾಡುವ ವ್ಯವಸ್ಥೆಯೇ ಸರಿ. ಕಡಿದಾದ ಬೆಟ್ಟದ ದಾರಿಗೆ ಜಿಮ್ನಿಯ ಬಗೆ ಮೇಲು. ಅದರ "4ಎಲ್" ಎಂಬ ನಿಧಾನಗತಿಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದು ನಿಧಾನವಾಗಿ ಇಳಿಸುತ್ತದೆ, ಬ್ರೇಕು ಮುಟ್ಟುವ ಪ್ರಮೇಯ ಕಡಿಮೆ.

ಕಲ್ಪನೆ: ಪೊಲೀಸರು 4x4 ಬಿಡುತ್ತಾರೆಂದರೆ ದಾರಿ ಸುರಕ್ಷಿತ

ಸತ್ಯ: 2020ರ ಅಕ್ಟೋಬರ್‌ನಲ್ಲಿ ಮನಾಲಿಯ ಬಳಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಅದರಾಚೆಯ ಲಾಹೌಲ್‌ಗೆ ಹೋಗುವವರು ಹೆಚ್ಚಿದರು. ಹಿಮ ಬಿದ್ದಾಗ ಸುರಂಗಕ್ಕೆ ಮುನ್ನ ಸಿಗುವ ಸೋಲಂಗ್‌ನಿಂದ ಮುಂದಕ್ಕೆ 4x4, ಅಂದರೆ ಫೋರ್ ವೀಲ್ ಡ್ರೈವ್ ವಾಹನಗಳನ್ನು ಮಾತ್ರ ಬಿಡುವುದು ವಾಡಿಕೆ. ಅದು ಏರಿನಲ್ಲಿ ವಾಹನಗಳು ಸಿಕ್ಕಿಕೊಂಡು ದಾರಿ ಕಟ್ಟದಿರಲೆಂದು ಮಾಡಿದ ಏರ್ಪಾಡು. ಇಳಿಜಾರಿನಲ್ಲಿ ಕಾರು ನಿಲ್ಲುತ್ತದೆ ಎಂಬ ಭರವಸೆಯಲ್ಲ. 2024ರ ಡಿಸೆಂಬರ್ ಕೊನೆಯಲ್ಲಿ ಆ ದಾರಿಯಲ್ಲಿ ನೂರಾರು ವಾಹನಗಳು ಸಿಲುಕಿದಾಗ ಚಾಲಕರಿಲ್ಲದಂತೆ ಪಕ್ಕಕ್ಕೆ ಜಾರುತ್ತಿದ್ದ ಕಾರುಗಳ ದೃಶ್ಯಗಳನ್ನು ನಾವೆಲ್ಲ ನೋಡಿದೆವು. ಬೆಂಗಳೂರಿನಿಂದ ಹೋದ ಕಾರಿನಲ್ಲಿರುವುದು ಬೇಸಿಗೆಯ ಟೈರು. ಹಿಮದಲ್ಲಿ ಟೈರಿಗೆ ಸುತ್ತುವ ಚೈನು ಇಲ್ಲದೆ, ಅದನ್ನು ಕಟ್ಟುವುದನ್ನು ಒಮ್ಮೆ ಬಿಸಿಲಿನಲ್ಲಿ ಅಭ್ಯಾಸ ಮಾಡದೆ ಆ ಕಡೆ ತಿರುಗಬೇಡಿ. ಯಾವ ಚಕ್ರಕ್ಕೆ ಕಟ್ಟಬೇಕೆಂಬುದನ್ನು ಕಾರಿನ ಕೈಪಿಡಿ ಹೇಳುತ್ತದೆ. ಅಲ್ಲಿಯ ಟ್ಯಾಕ್ಸಿ ಚಾಲಕರಿಗೆ ಹಣ ಕೊಟ್ಟು ಹೋಗುವುದು ಇನ್ನೂ ಒಳ್ಳೆಯದು.

ಕಲ್ಪನೆ: ಗಾಳಿ ಇಳಿಸಿದರೆ ಹಿಮದಲ್ಲಿ ಹಿಡಿತ ಹೆಚ್ಚು

ಸತ್ಯ: ಅದು ಮರಳಿನ ಪಾಠ. ಚಳಿಗೆ ಗಾಳಿ ತಾನಾಗಿಯೇ ಇಳಿಯುತ್ತದೆ, ಸುಮಾರು 5–6 ಡಿಗ್ರಿಗೆ ಒಂದು ಪಿಎಸ್‌ಐನಂತೆ. ಬೆಳಿಗ್ಗೆ ಕಾರು ತಣ್ಣಗಿರುವಾಗಲೇ ನೋಡಿ ತುಂಬಿಸಬೇಕು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಬಜೆಟ್ಟಿನಿಂದ ಮೊದಲು ನಾಲ್ಕು ಒಳ್ಳೆಯ ವಿಂಟರ್ ಟೈರು, ರಿಮ್ಮಿನ ಹಣ ತೆಗೆದಿಡಿ. ಮನೆ ಸಮತಟ್ಟು ಜಾಗದಲ್ಲಿದ್ದು ಬೀದಿಯ ಹಿಮವನ್ನು ಬೇಗ ಬಳಿಯುತ್ತಾರಾದರೆ ಉಳಿದ ಹಣಕ್ಕೆ ಮುಂದಿನ ಚಕ್ರ ಎಳೆಯುವ ಸಾಧಾರಣ ಕಾರೇ ಸಾಕು. ಏರುದಾರಿ, ಹಳ್ಳಿಯ ಕಡೆ, ನಸುಕಿನ ಪಾಳಿ ಇದ್ದರೆ ಫೋರ್ ವೀಲ್ ಡ್ರೈವಿಗೆ ಕೊಡುವ ದುಡ್ಡು ಸಾರ್ಥಕ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಾಲ್ಕೂ ಟೈರು ಒಂದೇ ಅಳತೆಗೆ, ಒಂದೇ ಸಮ ಸವೆದಿವೆಯೇ ನೋಡಬೇಕು. ಮೆಕ್ಯಾನಿಕ್ಕಿನಿಂದ ಗಾಡಿ ಮೇಲೆತ್ತಿಸಿ, ಬ್ರೇಕಿನ ಪೈಪು ಮತ್ತು ಹಿಂದಿನ ಆಕ್ಸಲ್ಲಿನ ಬುಡವನ್ನು ಟಾರ್ಚು ಹಾಕಿ ಪರೀಕ್ಷಿಸಬೇಕು. ರಸ್ತೆಗೆ ಎರಚುವ ಉಪ್ಪು ಮೊದಲು ತಿನ್ನುವುದು ಅಲ್ಲಿ.