ಪದೇ ಪದೇ ಮುಚ್ಚಿಹೋಗುವ ಬ್ರೌಸರು

ಆವತಿಯ ಮನೆಯೊಂದರಲ್ಲಿ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತಿರುವಾಗ ಕಂಪ್ಯೂಟರಿನ ಬ್ರೌಸರು ತಟ್ಟನೆ ಮುಚ್ಚಿಹೋದರೆ, ಬರೆದುದೆಲ್ಲವೂ ನಷ್ಟವಾಗುವ ಸಂಭವವುಂಟು. ಯಂತ್ರವನ್ನು ನಿಂದಿಸಿ ಫಲವಿಲ್ಲ. ನಾವು ಕಾರಣವನ್ನು ಕ್ರಮವಾಗಿ ಹುಡುಕತಕ್ಕದ್ದು.

ತೆರೆದ ಪ್ರತಿಯೊಂದು ಪುಟವೂ ಮೆಮೊರಿಯಲ್ಲಿ ಸ್ಥಳವನ್ನು ಆಕ್ರಮಿಸುವುದು. ಆದುದರಿಂದ ಮೊದಲು ಬೇಡವಾದ ಪುಟಗಳನ್ನು ಮುಚ್ಚೋಣ. ಕ್ರೋಮಿನಲ್ಲಿ ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಕೂಡಿ ಒತ್ತಿದರೆ, ಯಾವ ಪುಟವು ಎಷ್ಟು ಮೆಮೊರಿಯನ್ನು ಬಳಸುತ್ತಿರುವುದೆಂಬುದು ಕಾಣುವುದು. ಅನಂತರ ಎಕ್ಸ್‌ಟೆನ್‌ಷನ್ ಎಂಬ ಸೇರ್ಪಡೆಗಳನ್ನೆಲ್ಲ ನಿಲ್ಲಿಸಿ, ಒಂದೊಂದಾಗಿ ಮರಳಿ ಸೇರಿಸಿ ನೋಡೋಣ. ಕೆಡಿಸುತ್ತಿದ್ದುದು ಯಾವುದೆಂದು ಆಗ ಗೊತ್ತಾಗುವುದು. ಬ್ರೌಸರನ್ನು ಹೊಸ ಆವೃತ್ತಿಗೆ ಏರಿಸುವುದೂ ಅವಶ್ಯಕ. ಆದರೆ ವಿಂಡೋಸ್ 7 ಉಳ್ಳ ಹಳೆಯ ಯಂತ್ರಗಳಿಗೆ 2023ರಿಂದೀಚೆಗೆ ಕ್ರೋಮಿನ ಹೊಸ ಆವೃತ್ತಿಗಳು ದೊರೆಯುವುದಿಲ್ಲ.

ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ರೋಗವು ವಾಸಿಯಾದರೂ ಅದರ ಮೂಲವು ತಿಳಿಯದು. ಅಲ್ಲಿಯವರೆಗೆ ದೀರ್ಘವಾದ ಉತ್ತರಗಳನ್ನು ಬೇರೆಡೆ ಬರೆದಿಟ್ಟುಕೊಳ್ಳಬೇಕೆಂದು ಸೋದರಿಯರಲ್ಲಿ ನಮ್ಮ ಬಿನ್ನಹ.