ಕೇಳುವವರ ಮನಸ್ಸಿಗೂ ಗಾಯವಾಗುತ್ತದೆ

ಕ್ಷ-ಕಿರಣದ ಕೊಠಡಿಯಲ್ಲಿ ದುಡಿಯುವವರು ಎದೆಯ ಮೇಲೆ ಒಂದು ಪುಟ್ಟ ಬಿಲ್ಲೆಯನ್ನು ಧರಿಸಿರುವುದುಂಟು. ಅದು ಅವರನ್ನು ಕಿರಣಗಳಿಂದ ಕಾಪಾಡುವುದಿಲ್ಲ. ದೇಹಕ್ಕೆ ಎಷ್ಟು ಕಿರಣ ತಾಗಿತೆಂಬ ಲೆಕ್ಕವನ್ನು ಮಾತ್ರ ಇಡುತ್ತದೆ. ಒಂದು ದಿನದ ಪ್ರಮಾಣ ಅತ್ಯಲ್ಪ. ಆದರೆ ಅಲ್ಪವೂ ದಿನದಿನಕ್ಕೆ ಕೂಡುತ್ತ ಹೋಗುತ್ತದೆ. ಅದು ಮಿತಿ ಮೀರದಂತೆ ನೋಡಿಕೊಳ್ಳುವುದು ಆಸ್ಪತ್ರೆಯ ಹೊಣೆ. ದಿನವೂ ಪರರ ದುಃಖವನ್ನು ಕೇಳುವವರ ಮನಸ್ಸಿಗೆ ಇಂಥದೊಂದು ಲೆಕ್ಕ ಬೇಡವೇ?

ಕಾಲೇಜಿನ ಆಪ್ತಸಮಾಲೋಚಕರನ್ನೇ ತೆಗೆದುಕೊಳ್ಳೋಣ. ಪರೀಕ್ಷೆಯ ಭಯವನ್ನು ತೋಡಿಕೊಳ್ಳಲು ಒಬ್ಬ ವಿದ್ಯಾರ್ಥಿ ಬರುತ್ತಾನೆ. ಅವನ ಬೆನ್ನಿಗೇ, ಮನೆಯಲ್ಲಿ ಹಿಂಸೆಯನ್ನು ಅನುಭವಿಸಿದ ವಿದ್ಯಾರ್ಥಿನಿ. ಅನಂತರ, ಗೆಳೆಯನ ಸಾವನ್ನು ಕಣ್ಣಾರೆ ಕಂಡ ಮತ್ತೊಬ್ಬ. ಹೇಳಿಕೊಂಡವರ ಎದೆ ಹಗುರವಾದೀತು, ಕೇಳಿದವರದು? ಗುಟ್ಟನ್ನು ಕಾಯುವುದು ಅವರ ವೃತ್ತಿಧರ್ಮವಾದುದರಿಂದ, ಕೇಳಿದುದನ್ನು ಮನೆಯವರ ಮುಂದೆಯೂ ಆಡುವಂತಿಲ್ಲ.

1990ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲೀಸಾ ಮೆಕ್ಯಾನ್ ಮತ್ತು ಲಾರಿ ಆನ್ ಪರ್ಲ್‌ಮನ್ ಇದರ ಪರಿಣಾಮವನ್ನು ವಿವರಿಸಿದರು. ಅವರು ಇಟ್ಟ ಹೆಸರನ್ನು ನಾವು 'ಪರೋಕ್ಷ ಆಘಾತ' ಎಂದು ಕರೆಯಬಹುದು. ಇದು ಬರಿಯ ದಣಿವಲ್ಲ. ಹೇಳಿದವರ ಅನುಭವದ ಚಿತ್ರಗಳು ಕೇಳಿದವರ ಕಣ್ಣ ಮುಂದೆ ಸುಳಿಯತೊಡಗುತ್ತವೆ. ಜಗತ್ತು ನಿರ್ಭಯವಾದುದು, ಮನುಷ್ಯರು ನಂಬಿಕೆಗೆ ಅರ್ಹರು ಎಂಬ ತಳಹದಿಯೇ ಅವರಲ್ಲಿ ಸಡಿಲಗೊಳ್ಳುತ್ತದೆ.

ಪರರ ನೋವು ನಮ್ಮನ್ನು ತಟ್ಟುವುದು ದೌರ್ಬಲ್ಯವಲ್ಲ, ಮೆದುಳಿನ ಸಹಜ ಧರ್ಮ. 2004ರಲ್ಲಿ ತಾನಿಯಾ ಸಿಂಗರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ 16 ಜೋಡಿಗಳ ಮೇಲೆ ಒಂದು ಪ್ರಯೋಗವನ್ನು ನಡೆಸಿದರು. ಮಹಿಳೆಯ ಕೈಗೆ ವಿದ್ಯುತ್ತಿನಿಂದ ನೋವುಂಟಾದಾಗ ಅವಳ ಮೆದುಳಿನಲ್ಲಿ ಚುರುಕುಗೊಂಡ ಭಾಗಗಳಲ್ಲಿ ಕೆಲವು, ಪಕ್ಕದಲ್ಲಿದ್ದ ಸಂಗಾತಿಗೆ ಆ ನೋವಾದಾಗಲೂ ಚುರುಕುಗೊಂಡವು. ಅವು ನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗಗಳು. ಚುಚ್ಚು ಸಂಗಾತಿಯದು, ಸಂಕಟ ಇಬ್ಬರದು!

ಹಾಗಾದರೆ ಪರಿಹಾರವೇನು? ನಿದ್ದೆ, ನಡಿಗೆ, ಸಂಗೀತ, ಸ್ನೇಹಿತರ ಸಂಗ ಇವೆಲ್ಲ ಬೇಕು. ಇವಿಷ್ಟೇ ಸಾಕೆ? ಕೆನಡಾದ ಟೆಡ್ ಬೋಬರ್ ಮತ್ತು ಶೆರಿಲ್ ರೆಗರ್ 259 ಚಿಕಿತ್ಸಕರನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ಮನನೀಯ. ಇಂಥ ಉಪಾಯಗಳಿಗೆ ಹೆಚ್ಚು ಸಮಯ ಕೊಟ್ಟವರಲ್ಲಿ ಆಘಾತದ ಲಕ್ಷಣಗಳು ಕಡಮೆಯೇನೂ ಇರಲಿಲ್ಲ. ಮುಖ್ಯವಾಗಿ ಕಂಡುಬಂದುದು, ನೊಂದವರ ಜೊತೆ ವಾರಕ್ಕೆ ಎಷ್ಟು ಗಂಟೆ ಕಳೆಯುತ್ತಾರೆಂಬುದು. ಎಂದರೆ, ಮತ್ತೆ ಪ್ರಮಾಣದ ಮಾತೇ! ಕಠಿನವಾದ ಪ್ರಸಂಗಗಳನ್ನು ಹಲವರಲ್ಲಿ ಹಂಚುವುದು, ಒಂದು ಭೇಟಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡುವುದು, ಅನುಭವಿಗಳಾದ ಹಿರಿಯ ಸಮಾಲೋಚಕರೊಡನೆ ನಿಯತವಾಗಿ ಚರ್ಚಿಸುವ ಏರ್ಪಾಡು ಮಾಡುವುದು ಸಂಸ್ಥೆಯ ಕೈಯಲ್ಲಿರುವ ಕೆಲಸಗಳು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಈಗ ವಿಶೇಷ ಮಹತ್ವವಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರು, ಮನೋವಿಜ್ಞಾನಿಗಳು ಅಥವಾ ಸಮಾಜಕಾರ್ಯಕರ್ತರು ಒಬ್ಬರಾದರೂ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ ವಿಧಿಸಿತು. ಒಬ್ಬರನ್ನು ನೇಮಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಲಿಲ್ಲ. ಸಾವಿರಾರು ವಿದ್ಯಾರ್ಥಿಗಳ ನಡುವೆ ಆ ಒಬ್ಬರು ಒಂಟಿಯಾಗಿ ಉಳಿಯದಂತೆಯೂ ನೋಡಬೇಕು.

ಇದನ್ನೋದಿದ ವಿದ್ಯಾರ್ಥಿಗಳು, "ನಮ್ಮ ದುಃಖದಿಂದ ಅವರಿಗೇಕೆ ನೋವು?" ಎಂದು ಹಿಂಜರಿಯಬಾರದು. ಕಿರಣದ ಕೊಠಡಿಯವರಿಗೆ ತೊಂದರೆಯಾದೀತೆಂದು ಮುರಿದ ಮೂಳೆಯನ್ನು ಯಾರೂ ಮುಚ್ಚಿಡುವುದಿಲ್ಲ. ನೋವನ್ನು ಹೇಳಿಕೊಳ್ಳುವುದು ನಮ್ಮ ಪಾಲು. ಅದರ ಲೆಕ್ಕವಿಡುವುದು ಸಂಸ್ಥೆಯ ಪಾಲು.