ಮುಷ್ಟಿಯುದ್ಧದಲ್ಲಿ ಒಪ್ಪಂದದ ತೂಕ: ಅದು ನ್ಯಾಯವೆ?

ತಕ್ಕಡಿಯ ಮುಳ್ಳು ಯಾರ ಮುಖವನ್ನೂ ನೋಡುವುದಿಲ್ಲ. ಬಡವನ ಅಕ್ಕಿಯನ್ನೂ ಸಿರಿವಂತನ ಚಿನ್ನವನ್ನೂ ಅದು ಒಂದೇ ನ್ಯಾಯದಿಂದ ತೂಗುತ್ತದೆ ಎಂದು ನಾವೆಲ್ಲರೂ ನಂಬಿಕೊಂಡು ಬಂದಿದ್ದೇವೆ. ಆದರೆ ತೂಗಬೇಕಾದ ಪದಾರ್ಥವು ಅಕ್ಕಿಯೂ ಅಲ್ಲದೆ ಚಿನ್ನವೂ ಅಲ್ಲದೆ, ಬೆವರುವ, ಬಾಯಾರುವ, ನೀರು ಕುಡಿಯುವ ಮನುಷ್ಯದೇಹವೇ ಆದಾಗ ಈ ನಂಬಿಕೆ ಎಷ್ಟರಮಟ್ಟಿಗೆ ನಿಂತೀತು?

೨೦೦೦ನೆಯ ಇಸವಿಯ ಫೆಬ್ರವರಿ ೨೬ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಆರ್ಟುರೊ ಗಾಟಿ ಮತ್ತು ಜೋಯಿ ಗಮಾಷ್ ಎಂಬ ಇಬ್ಬರು ಮುಷ್ಟಿಮಲ್ಲರು ಕಣಕ್ಕಿಳಿದರು. ಇಬ್ಬರೂ ೧೪೧ ಪೌಂಡು, ಎಂದರೆ ಸುಮಾರು ೬೪ ಕಿಲೋಗ್ರಾಂ ಮೀರಕೂಡದೆಂದು ಮೊದಲೇ ಒಪ್ಪಂದವಾಗಿತ್ತು. ಹಿಂದಿನ ದಿನ ಅಧಿಕಾರಿಗಳ ಮುಂದೆ ಇಬ್ಬರನ್ನೂ ತೂಗಿದ್ದೂ ಆಗಿತ್ತು. ಆದರೆ ಪಂದ್ಯದ ದಿನ ದೂರದರ್ಶನದ ಕಂಪೆನಿಯೊಂದು ತನ್ನ ತಕ್ಕಡಿಯಲ್ಲಿ ಅವರನ್ನು ತೂಗಿದಾಗ ಗಮಾಷ್ ೧೪೫ ಪೌಂಡು ಇದ್ದನು. ಗಾಟಿ ೧೬೦ ಪೌಂಡು! ಎರಡನೆಯ ಸುತ್ತಿನಲ್ಲಿಯೇ ಗಮಾಷ್ ಪ್ರಜ್ಞೆ ತಪ್ಪಿ ಬಿದ್ದನು. ಅವನ ಮೆದುಳಿಗೆ ಪೆಟ್ಟಾಗಿತ್ತು. ಅವನು ಮತ್ತೆಂದೂ ಕಣಕ್ಕೆ ಬರಲಿಲ್ಲ. ಹತ್ತು ವರ್ಷಗಳ ಅನಂತರ, ೨೦೧೦ರಲ್ಲಿ, ತೂಕ ನೋಡುವ ಕಾರ್ಯದಲ್ಲಿ ಅಧಿಕಾರಿಗಳ ಕಡೆಯಿಂದ ಅಲಕ್ಷ್ಯವಾಗಿತ್ತೆಂದು ನ್ಯಾಯಾಲಯವು ತೀರ್ಮಾನಿಸಿತು. ಆದರೆ ತೂಕದ ಅಂತರದಿಂದಲೇ ಈ ಗಾಯವಾಯಿತೆಂಬುದು ಸಿದ್ಧವಾಗಲಿಲ್ಲವೆಂದು ಅವನಿಗೆ ಪರಿಹಾರವನ್ನು ಕೊಡಲಿಲ್ಲ.

ಈ ಕಥೆಯನ್ನು ಕೇಳಿದೊಡನೆ ನಮ್ಮಲ್ಲಿ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಮುಷ್ಟಿಯುದ್ಧದಲ್ಲಿ ತೂಕಕ್ಕೆ ಇಷ್ಟು ಮಹತ್ತ್ವವೇಕೆ? ಇಬ್ಬರು ಮಾತನಾಡಿಕೊಂಡು ಗೊತ್ತುಮಾಡಿದ ತೂಕವನ್ನು ನ್ಯಾಯವಾದುದೆಂದು ನಾವು ಹೇಳಬಹುದೆ?

ಮೊದಲನೆಯ ಪ್ರಶ್ನೆಗೆ ಭೌತವಿಜ್ಞಾನವು ಉತ್ತರ ಕೊಡುತ್ತದೆ. ಚಲಿಸುವ ವಸ್ತುವಿನ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಸಂವೇಗವು ಬರುತ್ತದೆಂಬುದು ಪ್ರೌಢಶಾಲೆಯ ಪಾಠ. ಮುಷ್ಟಿಯ ಪೆಟ್ಟೆಂದರೆ ಕೇವಲ ಅಂಗೈಯ ಚಲನೆಯಲ್ಲ. ಅದು ಪಾದದಿಂದ ಹೊರಟು, ಸೊಂಟದ ತಿರುವಿನಲ್ಲಿ ಬಲಗೊಂಡು, ಹೆಗಲಿನ ಮೂಲಕ ಹರಿದು ಮುಷ್ಟಿಯಲ್ಲಿ ಕೊನೆಗಾಣುತ್ತದೆ. ಆದುದರಿಂದ ದೇಹ ಭಾರವಾದಷ್ಟೂ ಪೆಟ್ಟಿನ ಹಿಂದೆ ನಿಲ್ಲುವ ದ್ರವ್ಯರಾಶಿ ಹೆಚ್ಚು. ಪೆಟ್ಟು ತಿನ್ನುವವನ ಕಡೆಯಿಂದಲೂ ಇದನ್ನು ವಿಚಾರಿಸಬೇಕು. ಒಂದೇ ಬಲವು ಹಗುರವಾದ ವಸ್ತುವಿನಲ್ಲಿ ಹೆಚ್ಚು ವೇಗೋತ್ಕರ್ಷವನ್ನೂ ಭಾರವಾದ ವಸ್ತುವಿನಲ್ಲಿ ಕಡಮೆ ವೇಗೋತ್ಕರ್ಷವನ್ನೂ ಉಂಟುಮಾಡುತ್ತದೆಂಬುದು ನ್ಯೂಟನ್ನನ ನಿಯಮವಷ್ಟೆ. ತಲೆಯು ಥಟ್ಟನೆ ತಿರುಗಿದಾಗ ತಲೆಬುರುಡೆಯೊಳಗಿನ ಮೆದುಳು ಅದರೊಡನೆ ಕೂಡಲೇ ತಿರುಗಲಾರದೆ ಜಗ್ಗಿ ಹಿಗ್ಗುತ್ತದೆ. ಮಲ್ಲನು ಎಚ್ಚರ ತಪ್ಪುವುದು ಇದರಿಂದಲೇ. ದಪ್ಪ ಕತ್ತುಳ್ಳ ಭಾರಿಯಾಳಿಗೆ ಈ ಜಗ್ಗಾಟ ಕಡಮೆ, ಹಗುರವಾದವನಿಗೆ ಹೆಚ್ಚು. ಹೀಗೆ ಹಗುರವಾದವನು ಕೊಡುವುದರಲ್ಲಿಯೂ ಕೊಳ್ಳುವುದರಲ್ಲಿಯೂ ಸೋಲುತ್ತಾನೆ.

ನಮ್ಮ ಗರಡಿಗಳ ಹಿರಿಯರು ಇದನ್ನು ಸೂತ್ರಗಳಿಲ್ಲದೆಯೇ ಬಲ್ಲರು. ಮೈಸೂರಿನ ದಸರಾ ಕುಸ್ತಿಗೆ ಮೊದಲು ‘ಜೋಡಿ ಕಟ್ಟುವ’ ಪದ್ಧತಿಯುಂಟು. ಆಳಿನ ಮೈಕಟ್ಟನ್ನೂ ಅನುಭವವನ್ನೂ ನೋಡಿ ಸಮಜೋಡಿಗಳನ್ನು ಗೊತ್ತುಮಾಡುತ್ತಾರೆ. ಇಂಗ್ಲೆಂಡಿನ ಹಳೆಯ ಮುಷ್ಟಿಯುದ್ಧದಲ್ಲಿಯೂ ಬಹುಕಾಲ ಗೊತ್ತಾದ ವರ್ಗಗಳಿರಲಿಲ್ಲ. ಆಡುವವರೂ ಪಣ ಕಟ್ಟುವವರೂ ಕೂಡಿ ಒಪ್ಪಿಕೊಂಡದ್ದೇ ನಿಯಮ. ೧೯೦೯ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ಬು ಎಂಟು ತೂಕದ ವರ್ಗಗಳನ್ನು ನಿಗದಿಮಾಡಿತು. ಇಂದು ವೃತ್ತಿನಿರತ ಮುಷ್ಟಿಯುದ್ಧದಲ್ಲಿ ಸಾಮಾನ್ಯವಾಗಿ ಹದಿನೇಳು ವರ್ಗಗಳಿವೆ. ಅವುಗಳ ಪೈಕಿ ನಡುವಣ ಕೆಲವು ಮೇರೆಗಳು ೧೪೭, ೧೫೪, ೧೬೦, ೧೬೮ ಮತ್ತು ೧೭೫ ಪೌಂಡುಗಳು.

ಈ ಮೇರೆಗಳ ನಡುವೆ ಬೇರೊಂದು ತೂಕವನ್ನು ಇಬ್ಬರು ಮಲ್ಲರು ತಮ್ಮ ಪಂದ್ಯಕ್ಕೆ ಮಾತ್ರ ಗೊತ್ತುಮಾಡಿಕೊಂಡರೆ ಅದನ್ನು ‘ಕ್ಯಾಚ್‌ವೇಟ್’ ಎನ್ನುತ್ತಾರೆ. ನಾವು ಅದನ್ನು ಒಪ್ಪಂದದ ತೂಕವೆಂದು ಕರೆಯೋಣ. ವರ್ಗದ ಮೇರೆಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ವರ್ಗದ ಮೇರೆಯನ್ನು ಗೊತ್ತುಮಾಡಿದವರಿಗೆ ಮುಂದೆ ಯಾರು ಯಾರೊಡನೆ ಹೋರಾಡುವರೆಂಬುದು ತಿಳಿದಿರಲಿಲ್ಲ. ಒಪ್ಪಂದದ ತೂಕವಾದರೋ ಇಬ್ಬರ ಹೆಸರೂ ಬಲವೂ ದೌರ್ಬಲ್ಯವೂ ತಿಳಿದಮೇಲೆ ಹುಟ್ಟತಕ್ಕದ್ದು.

ಹಾಗೆಂದು ಅದನ್ನು ಕೂಡಲೇ ಅನ್ಯಾಯವೆಂದು ತಳ್ಳಿಹಾಕುವುದು ಸರಿಯಲ್ಲ. ಫಿಲಿಪೀನ್ಸಿನ ಮ್ಯಾನಿ ಪ್ಯಾಕಿಯಾವ್ ೧೯೯೫ರಲ್ಲಿ ೧೦೬ ಪೌಂಡುಗಳ ಆಸುಪಾಸಿನಲ್ಲಿ ವೃತ್ತಿಯನ್ನಾರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ೨೦೧೦ರ ನವೆಂಬರ್ ೧೩ರಂದು ಟೆಕ್ಸಾಸಿನಲ್ಲಿ ಆಂಟೋನಿಯೊ ಮಾರ್ಗರಿಟೊನನ್ನು ಎದುರಿಸಿದನು. ಅದು ೧೫೪ ಪೌಂಡುಗಳ ವರ್ಗದ ಪಟ್ಟಕ್ಕಾಗಿ ನಡೆದ ಪಂದ್ಯ. ಆದರೆ ಒಪ್ಪಂದದ ಮೇರೆ ೧೫೦. ತೂಗುವಾಗ ಮಾರ್ಗರಿಟೊ ಸರಿಯಾಗಿ ೧೫೦ ಪೌಂಡು ಇದ್ದನು. ಪ್ಯಾಕಿಯಾವ್ ೧೪೫ನ್ನೂ ಮುಟ್ಟಲಿಲ್ಲ. ಪಂದ್ಯದ ರಾತ್ರಿಯಾದರೋ ಮಾರ್ಗರಿಟೊ ೧೬೫, ಪ್ಯಾಕಿಯಾವ್ ೧೪೮. ಮೇರೆಯನ್ನು ತಗ್ಗಿಸಿದಮೇಲೂ ಹದಿನೇಳು ಪೌಂಡುಗಳ ಅಂತರ ಉಳಿದೇ ಇತ್ತು! ಹೀಗಿರುವಾಗ ಒಪ್ಪಂದವು ಹಗುರವಾದವನ ಕಡೆಗೆ ಅತಿಯಾಗಿ ವಾಲಿತೆಂದು ಹೇಳುವುದು ಕಷ್ಟ. ಆ ರಾತ್ರಿ ಗೆದ್ದವನು ಪ್ಯಾಕಿಯಾವನೇ. ಮಾರ್ಗರಿಟೊನ ಕಣ್ಣುಗೂಡಿನ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಬೇಕಾಯಿತು. ತೂಕವೊಂದೇ ಸೋಲುಗೆಲವುಗಳನ್ನು ನಿರ್ಧರಿಸುವುದಿಲ್ಲವೆಂಬುದಕ್ಕೂ ಇದೇ ನಿದರ್ಶನ.

ಒಂದೇ ದಿನದಲ್ಲಿ ಹದಿನೈದು ಪೌಂಡು, ಎಂದರೆ ಸುಮಾರು ಏಳು ಕಿಲೋಗ್ರಾಂ ಹೆಚ್ಚುವುದು ಹೇಗೆ? ವಾಚಕರು ಆಶ್ಚರ್ಯಪಡಬಹುದು. ಇದರ ಗುಟ್ಟು ನೀರು. ವಯಸ್ಕ ಗಂಡಸಿನ ದೇಹದ ತೂಕದಲ್ಲಿ ನೂರಕ್ಕೆ ಅರುವತ್ತರಷ್ಟು ನೀರೇ ಇದೆ. ಒಂದು ಲೀಟರು ಬೆವರು ಹೋದರೆ ತಕ್ಕಡಿಯು ಒಂದು ಕಿಲೋಗ್ರಾಂ ಕಡಮೆ ತೋರಿಸುತ್ತದೆ. ಒಂದು ಲೀಟರು ನೀರು ಕುಡಿದರೆ ಅದು ಮತ್ತೆ ಬಂತು. ಇದಲ್ಲದೆ ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೊಜನ್ ಎಂಬ ಪಿಷ್ಟದಂಥ ವಸ್ತುವಿನ ಪ್ರತಿಯೊಂದು ಗ್ರಾಮಿನೊಡನೆಯೂ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಮಲ್ಲರು ಊಟವನ್ನು ಕಡಮೆಮಾಡಿ, ನೀರನ್ನು ಬಿಟ್ಟು, ಬಿಸಿಯಾದ ಕೋಣೆಯಲ್ಲಿ ಬೆವರು ಸುರಿಸಿ ತಕ್ಕಡಿಯನ್ನೇರುತ್ತಾರೆ. ತೂಕ ನೋಡುವುದು ಹಿಂದಿನ ದಿನವಾದುದರಿಂದ, ಇಳಿದೊಡನೆಯೇ ಕುಡಿಯುವುದಕ್ಕೂ ಉಣ್ಣುವುದಕ್ಕೂ ಆರಂಭಿಸುತ್ತಾರೆ.

ಆದರೆ ದೇಹವು ಕೊಡವಲ್ಲ, ಬರಿದುಮಾಡಿದೊಡನೆ ತುಂಬುವುದಕ್ಕೆ. ನೀರು ಹೋದಾಗ ರಕ್ತದ ದ್ರವಭಾಗವು ಕುಗ್ಗುತ್ತದೆ. ಉಳಿದ ರಕ್ತವನ್ನೇ ಸುತ್ತಿಸುವುದಕ್ಕಾಗಿ ಹೃದಯವು ಹೆಚ್ಚು ಸಾರಿ ಬಡಿಯಬೇಕಾಗುತ್ತದೆ. ಬೆವರು ಸಾಲದೆ ದೇಹದ ಶಾಖವು ಏರುತ್ತದೆ, ಮೂತ್ರಪಿಂಡಗಳು ಬಳಲುತ್ತವೆ. ಕರುಳು ಒಂದು ಗಂಟೆಯಲ್ಲಿ ಹೀರಬಲ್ಲ ನೀರಿಗೂ ಮಿತಿಯುಂಟು. ಕುಡಿದುದರಲ್ಲಿ ಒಂದು ಪಾಲು ಮೂತ್ರವಾಗಿ ಹೊರಟೇಹೋಗುತ್ತದೆ. ನೀರು ಪೂರ್ಣವಾಗಿ ತುಂಬದ ಮೆದುಳಿಗೆ ಪೆಟ್ಟಿನ ಅಪಾಯ ಹೆಚ್ಚೆಂದು ವೈದ್ಯರು ಬಹುಕಾಲದಿಂದ ಶಂಕಿಸುತ್ತಿದ್ದಾರೆ. ೧೯೯೭ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಐದು ವಾರಗಳೊಳಗಾಗಿ ಮೃತರಾದರು. ಅವರು ಸತ್ತುದು ಎದುರಾಳಿಯ ಕೈಯಲ್ಲಲ್ಲ, ತೂಕವಿಳಿಸುವ ಪ್ರಯತ್ನದಲ್ಲಿ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಇಬ್ಬರೂ ಒಪ್ಪಿ ಸಹಿಮಾಡಿದಮೇಲೆ ಅನ್ಯಾಯವೆಲ್ಲಿ ಬಂತು ಎಂದು ಕೆಲವರು ಕೇಳುತ್ತಾರೆ. ಒಪ್ಪಿಗೆಗೆ ಬೆಲೆಯುಂಟು, ನಿಜ. ಆದರೆ ಚೌಕಾಸಿಯಲ್ಲಿ ಇಬ್ಬರ ಬಲವೂ ಸಮನಾಗಿರುವುದು ಅಪರೂಪ. ಯಾರ ಹೆಸರಿನಿಂದ ಪ್ರೇಕ್ಷಕರು ಬರುವರೋ, ಯಾರಿಂದ ಹಣ ಹರಿಯುವುದೋ, ಅವನ ಮಾತೇ ನಡೆಯುತ್ತದೆ. ೧೯೮೮ರ ನವೆಂಬರ್ ೭ರಂದು ೧೭೫ ಪೌಂಡುಗಳ ವರ್ಗದ ಪಟ್ಟವನ್ನು ಹೊಂದಿದ್ದ ಡಾನಿ ಲಲಾಂಡ್, ಹೆಸರಾಂತ ಷುಗರ್ ರೇ ಲೆನರ್ಡ್‌ನೊಡನೆ ಹೋರಾಡುವುದಕ್ಕಾಗಿ ೧೬೮ ಪೌಂಡಿಗೆ ಇಳಿಯಬೇಕಾಯಿತು. ಒಂಬತ್ತನೆಯ ಸುತ್ತಿನಲ್ಲಿ ಲಲಾಂಡ್ ಸೋತನು. ಹೊಸದಾಗಿ ಏರ್ಪಟ್ಟಿದ್ದ ೧೬೮ರ ವರ್ಗದ ಪಟ್ಟವೂ ೧೭೫ರ ವರ್ಗದ ಪಟ್ಟವೂ ಒಂದೇ ರಾತ್ರಿ ಲೆನರ್ಡ್‌ನ ಪಾಲಾದವು. ೨೦೦೯ರಲ್ಲಿ ಮಿಗೆಲ್ ಕೊಟ್ಟೊ ತನ್ನ ೧೪೭ರ ಪಟ್ಟವನ್ನು ಪ್ಯಾಕಿಯಾವನೆದುರಿಗೆ ೧೪೫ರ ಒಪ್ಪಂದದ ಮೇಲೆ ಪಣಕ್ಕೊಡ್ಡಿ ಕಳೆದುಕೊಂಡನು. ವರ್ಗದ ಪಟ್ಟವೆಂದರೆ ಆ ವರ್ಗದ ಪೂರ್ಣ ತೂಕದಲ್ಲಿ ಹೋರಾಡುವ ಹಕ್ಕು ಎಂದಲ್ಲವೆ ಅರ್ಥ? ಎರಡು ಪೌಂಡು ಅಲ್ಪವೆಂದು ತೋರಬಹುದು. ಆದರೆ ಆಗಲೇ ಒಣಗಿರುವ ದೇಹದಿಂದ ಹಿಂಡುವ ಕೊನೆಯ ಎರಡು ಪೌಂಡುಗಳೇ ಎಲ್ಲಕ್ಕಿಂತ ದುಬಾರಿಯಾದವು.

ಅದೇ ೨೦೦೯ರ ಇನ್ನೊಂದು ಪಂದ್ಯ ಮತ್ತೂ ವಿಚಿತ್ರವಾದುದು. ಫ್ಲಾಯ್ಡ್ ಮೇವೆದರ್ ಮತ್ತು ಹ್ವಾನ್ ಮಾನ್ವೆಲ್ ಮಾರ್ಕೆಜ್ ೧೪೪ ಪೌಂಡುಗಳಿಗೆ ಒಪ್ಪಿದ್ದರು. ಮೇವೆದರ್ ೧೪೬ ತೂಗಿದನು. ಪೌಂಡೊಂದಕ್ಕೆ ಮೂರು ಲಕ್ಷದಂತೆ ಆರು ಲಕ್ಷ ಡಾಲರುಗಳನ್ನು ಮಾರ್ಕೆಜ್‌ನಿಗೆ ತೆತ್ತು, ಕಣಕ್ಕಿಳಿದು ಗೆದ್ದನು. ಇದರೊಡನೆ ೨೦೨೪ರ ಪ್ಯಾರಿಸ್ ಒಲಿಂಪಿಕ್ಸನ್ನು ಹೋಲಿಸಿ ನೋಡೋಣ. ೫೦ ಕಿಲೋಗ್ರಾಂ ವರ್ಗದ ಕುಸ್ತಿಯ ಅಂತಿಮ ಪಂದ್ಯದ ಬೆಳಗ್ಗೆ ನಮ್ಮ ವಿನೇಶ್ ಫೋಗಟ್ ಅವರ ತೂಕ ಕೇವಲ ೧೦೦ ಗ್ರಾಂ ಹೆಚ್ಚಿತ್ತೆಂದು ಅವರನ್ನು ಸ್ಪರ್ಧೆಯಿಂದಲೇ ಹೊರಗಿಟ್ಟರು. ಒಂದು ಕಡೆ ನಿಯಮವು ಕಲ್ಲಿನಷ್ಟು ಕಠಿನ. ಇನ್ನೊಂದು ಕಡೆ ಅದಕ್ಕೆ ಬೆಲೆಯ ಚೀಟಿ ಅಂಟಿಸಿದೆ. ಕಠಿನವಾದ ನಿಯಮವು ಎಷ್ಟೇ ನೋವು ಕೊಟ್ಟರೂ ಎಲ್ಲರಿಗೂ ಒಂದೇ ಆಗಿರುತ್ತದೆ. ಹಣ ತೆತ್ತು ಮೀರಬಹುದಾದ ನಿಯಮವು ಹಣವಿದ್ದವನಿಗೆ ಮಾತ್ರ ಸಡಿಲವಾಗುತ್ತದೆ.

ಇತ್ತೀಚಿನ ಕೆಲವು ಒಪ್ಪಂದಗಳಲ್ಲಿ ಮತ್ತೊಂದು ಷರತ್ತು ಸೇರಿದೆ. ೨೦೨೩ರ ಏಪ್ರಿಲಿನಲ್ಲಿ ಜರ್ವಾಂಟಾ ಡೇವಿಸ್ ಮತ್ತು ರಯನ್ ಗಾರ್ಸಿಯಾ ೧೩೬ ಪೌಂಡಿಗೆ ಒಪ್ಪಿದುದಲ್ಲದೆ, ಪಂದ್ಯದ ದಿನ ಬೆಳಗ್ಗೆ ಮತ್ತೆ ತೂಗಿದಾಗ ೧೪೬ನ್ನು ಮೀರಕೂಡದೆಂದೂ ಕಟ್ಟುಮಾಡಿಕೊಂಡಿದ್ದರು. ಗಾಟಿ–ಗಮಾಷರ ಪಂದ್ಯದಂಥ ಅಂತರವು ಇದರಿಂದ ತಪ್ಪುವುದೇನೋ ನಿಜ. ಆದರೆ ಇದು ಎರಡು ಅಲಗಿನ ಕತ್ತಿ. ಈ ಷರತ್ತನ್ನು ಮುಂದಾಗಿ ತಿಳಿದು ಮಲ್ಲನು ತನ್ನ ಸಹಜ ತೂಕಕ್ಕೆ ಹತ್ತಿರವಾದ ವರ್ಗವನ್ನು ಆರಿಸಿಕೊಂಡರೆ ಅದು ಉಪಕಾರ. ನೀರನ್ನು ಹಿಂಡಿಯೇ ತೂಕವಿಳಿಸಿದವನಿಗೆ ಅದನ್ನು ಮತ್ತೆ ತುಂಬಿಕೊಳ್ಳಗೊಡದಿದ್ದರೆ ಅಪಕಾರ. ತಕ್ಕಡಿಯು ತೂಕವನ್ನು ಬಲ್ಲುದೇ ಹೊರತು, ಬಾಯಾರಿಕೆಯನ್ನು ಬಲ್ಲುದೆ?

ಹಾಗಾದರೆ ನ್ಯಾಯವಾದ ಒಪ್ಪಂದವನ್ನು ಗುರುತಿಸುವುದೆಂತು? ಮನೆಯಲ್ಲಿ ಇಬ್ಬರು ಮಕ್ಕಳಿಗೆ ಒಂದು ಹೋಳಿಗೆಯನ್ನು ಹಂಚುವ ಉಪಾಯವನ್ನು ನೆನೆಯೋಣ: ಒಬ್ಬನು ಮುರಿಯಬೇಕು, ಇನ್ನೊಬ್ಬನು ಆರಿಸಿಕೊಳ್ಳಬೇಕು. ತನಗೆ ಯಾವ ಪಾಲು ಬರುವುದೆಂದು ತಿಳಿಯದಿರುವುದರಿಂದ ಮುರಿಯುವವನು ಸಮನಾಗಿಯೇ ಮುರಿಯುತ್ತಾನೆ. ಮುಷ್ಟಿಮಲ್ಲರನ್ನೂ ಹೀಗೆಯೇ ಕೇಳಿನೋಡಬಹುದು: “ಈ ಎರಡು ದೇಹಗಳಲ್ಲಿ ಯಾವುದು ನಿಮ್ಮದಾಗುವುದೆಂದು ತಿಳಿಯದಿದ್ದರೂ ಈ ತೂಕಕ್ಕೆ ಒಪ್ಪುತ್ತಿದ್ದಿರಾ?” ಹೌದೆಂದು ಇಬ್ಬರೂ ಹೇಳಬಹುದಾದ ತೂಕವು ನ್ಯಾಯವಾದುದು. ಇಬ್ಬರ ಸಹಜ ತೂಕಗಳ ನಡುವೆ ಗೊತ್ತುಮಾಡಿದ ಮೇರೆಯು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಒಬ್ಬನನ್ನು ಒಣಗಿಸುವುದಕ್ಕಾಗಿಯೇ ಹೂಡಿದ ಮೇರೆಯು ತೇರ್ಗಡೆಯಾಗದು.

ಪರಿಹಾರಗಳು ವಿಜ್ಞಾನದ ಕೈಗೆಟುಕದವೇನೂ ಅಲ್ಲ. ೧೯೯೭ರ ಸಾವುಗಳ ಅನಂತರ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ತೂಕ ನೋಡುವ ಹೊತ್ತನ್ನು ಪಂದ್ಯದ ಸಮೀಪಕ್ಕೆ ತಂದರು. ಋತುವಿನ ಆರಂಭದಲ್ಲಿಯೇ ಮೂತ್ರದ ಸಾಪೇಕ್ಷ ಸಾಂದ್ರತೆಯನ್ನು ಅಳೆದು, ದೇಹದಲ್ಲಿ ನೀರು ಸಾಕಷ್ಟಿರುವಾಗ ಪ್ರತಿಯೊಬ್ಬನೂ ಇಳಿಯಬಹುದಾದ ಕನಿಷ್ಠ ತೂಕವನ್ನು ನಿಗದಿಮಾಡಿದರು. ವೃತ್ತಿನಿರತ ಮುಷ್ಟಿಯುದ್ಧವು ಇಂಥ ಅಳತೆಯನ್ನು ಅಂಗೀಕರಿಸಿ, ಒಪ್ಪಂದದ ತೂಕದಲ್ಲಿ ವರ್ಗದ ಪಟ್ಟವನ್ನು ಪಣಕ್ಕಿಡದೆ, ಮೀರಿದ ತೂಕಕ್ಕೆ ಹಣವನ್ನು ಪರಿಹಾರವೆಂದು ಎಣಿಸದೆ ಇದ್ದರೆ, ಒಪ್ಪಂದದ ತೂಕದಿಂದ ಹೆದರಬೇಕಾದುದಿಲ್ಲ. ಬೇರೆ ಬೇರೆ ವರ್ಗಗಳ ಇಬ್ಬರು ಶೂರರನ್ನು ನಾವು ಒಂದೇ ಕಣದಲ್ಲಿ ನೋಡುವ ಅವಕಾಶವೂ ಉಳಿಯುತ್ತದೆ.

ನಮ್ಮ ತರುಣ ವಾಚಕರಲ್ಲಿ ಅನೇಕರು ಕುಸ್ತಿ, ಮುಷ್ಟಿಯುದ್ಧ, ಭಾರ ಎತ್ತುವಿಕೆಗಳಲ್ಲಿ ತೊಡಗಿದವರಿರಬಹುದು. ಪಂದ್ಯದ ಹಿಂದಿನ ದಿನ ನೀರನ್ನು ಬಿಟ್ಟು ತಕ್ಕಡಿಯನ್ನು ಏಮಾರಿಸುವ ಆಸೆ ಅವರಿಗೂ ಬಂದೀತು. ಆಗ ಅವರು ಗಮಾಷ್‌ನನ್ನೂ, ಆ ಮೂವರು ವಿದ್ಯಾರ್ಥಿಗಳನ್ನೂ ನೆನೆಯಲಿ ಎಂದು ನಾವು ಹಾರೈಸುತ್ತೇವೆ.